ಸಾರುವೆಯ ಬೆಲ್ಟು

ಕಾರ್ಖಾನೆಯ ಎತ್ತರದ ಗೋಡೆಗೆ ಬಣ್ಣ ಬಳಿಯುವ ಗುತ್ತಿಗೆ ಮುಂದುವರಿಯಬೇಕಾದರೆ ಕಂಟ್ರಾಕ್ಟರಿಗೆ ಸುರಕ್ಷತೆಯಲ್ಲಿ ಒಳ್ಳೆಯ ಅಂಕ ಬೇಕಿತ್ತು. ಅಂಕ ಕೊಡಬೇಕಾದವಳು ತಪಾಸಣೆಗೆ ಬಂದ ನಳಿನಿ. ಅವಳಿಗೆಂದೇ ನೆರಳಲ್ಲಿ ಕುರ್ಚಿ ಹಾಕಿಸಿ, ಎಳನೀರು ಕೆತ್ತಿಸಿ ಇಟ್ಟಿದ್ದ. ಅವಳು ಎರಡರತ್ತಲೂ ತಿರುಗಿ ನೋಡಲಿಲ್ಲ.

"ಹೋದ ಸಲ ಬಂದ ಸಾಹೇಬ್ರು ಇಲ್ಲೇ ಕೂತು ಫುಲ್ ಮಾರ್ಕ್ಸ್ ಕೊಟ್ರು ಮೇಡಂ. ನಿಮ್ಮ ಮ್ಯಾನೇಜರೂ ಹೇಳಿರ್ಬೇಕಲ್ಲ?"

"ಹೇಳಿದ್ರು. ಆಗಲ್ಲ ಅಂದೆ."

ಕಂಟ್ರಾಕ್ಟರ್ ಹಲ್ಲು ಕಿರಿದ. "ನೋಡಿ, ಒಬ್ಬೊಬ್ಬ ಆಳಿಗೂ ಸೇಫ್ಟಿ ಬೆಲ್ಟ್ ಕೊಟ್ಟಿದೀನಿ. ಆನೆ ಜೋತುಬಿದ್ರೂ ಹರಿಯಲ್ಲ."

"ಹಾಗಾದ್ರೆ ಮೇಲೆ ಹತ್ತೇ ನೋಡ್ತೀನಿ."

"ಸಾರುವೆ ಮೇಲಾ? ನೀವಾ?"

ನಳಿನಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಆಗಷ್ಟೇ ಬಿದಿರಿನ ಸಾರುವೆಯಿಂದ ಇಳಿದ ಪೇಂಟರನ ಮುಂದೆ ಕೈಚಾಚಿದಳು. ಅವನು ಧಣಿಯ ಮುಖ ನೋಡುತ್ತಲೇ ತನ್ನ ಬೆಲ್ಟು ಬಿಚ್ಚಿಕೊಟ್ಟ. ಅವಳು ಅದನ್ನು ತೊಟ್ಟು ಮೊದಲ ಬಿದಿರಿನ ಮೇಲೆ ಕಾಲಿಟ್ಟಿದ್ದೇ ತಡ, ಕಂಟ್ರಾಕ್ಟರ್ ಓಡಿಬಂದು ಅಡ್ಡ ನಿಂತ.

"ಅಯ್ಯೋ, ಅದು ಬೇಡ ಮೇಡಂ, ಬಿದ್ದುಬಿಟ್ಟೀರಿ! ಒಳ್ಳೇ ಬೆಲ್ಟು ನನ್ನ ಕಾರಲ್ಲಿದೆ. ಇದು ಆಳುಗಳದ್ದು!"