ಏಳನೆಯ ಪ್ರೆಸ್ಸಿನ ದೀಪ

“ಮಿನುಗ್ತಿದೆ, ಬರ್ಕೋ. ಇದು ಏಳನೇದು,” ಎಂದರು ವೆಂಡೆಲಿನ್ ಫೋನಿನಲ್ಲಿ.

ಮೇಲಿನ ಗಾಜಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಅನ್ನೆಗ್ರೆಟ್‌ಳ ಬೆರಳು ಮೌಸಿನ ಮೇಲೆ ಹಾಗೇ ನಿಂತಿತು. ತಾನಿನ್ನೂ ಒತ್ತಿಯೇ ಇಲ್ಲವಲ್ಲ? ಅಥವಾ ಒತ್ತಿದೆನೋ ಏನೋ. ಬೆಳಗಿನಿಂದ ಇದೇ ಕೆಲಸ. ಕೈ ತನ್ನಷ್ಟಕ್ಕೆ ಒತ್ತಿರಬಹುದು.

ಕೆಳಗೆ ತಗಡು ಅಚ್ಚೊತ್ತುವ ಎಂಟು ಪ್ರೆಸ್‌ಗಳು, ಎಲ್ಲವೂ ಒಂದೇ ತರಹ. ನಿನ್ನೆ ಒಂದೊಂದಕ್ಕೂ ಬೆಂಕಿಪೊಟ್ಟಣದಷ್ಟು ಹೊಸ ನೆಟ್‌ವರ್ಕ್ ಕಾರ್ಡ್ ಕೂರಿಸಿದ್ದರು. ಕಾರ್ಡುಗಳಿಗೆ ಹೆಸರಿರಲಿಲ್ಲ. ಅವಳು ಪರದೆಯ ಪಟ್ಟಿಯಲ್ಲಿ ಒಂದನ್ನು ಒತ್ತಿದರೆ ಯಾವುದೋ ಪ್ರೆಸ್ಸಿನಲ್ಲಿ ಸಾಸಿವೆಯಷ್ಟು ಹಸಿರು ದೀಪ ಮಿನುಗುತ್ತಿತ್ತು. ಯಾವುದೆಂದು ನೋಡಿ ಹೇಳುವುದು ವೆಂಡೆಲಿನ್ ಕೆಲಸ. ಅವರು ಹೇಳಿದ್ದೇ ಆ ಕಾರ್ಡಿಗೆ ಹೆಸರು. ಆ ಹೆಸರಿಗೆ ಆಜ್ಞೆ ಹೋದರೆ ಆ ಪ್ರೆಸ್ ಕೆಳಗಿಳಿಯುತ್ತದೆ. ಆರಕ್ಕೆ ಹೆಸರಿಟ್ಟಾಗಿತ್ತು.

“ವೆಂಡೆಲಿನ್ ಅವರೇ, ಇನ್ನೊಂದ್ಸಲ ನೋಡ್ತೀರಾ?”

“ನೋಡಿದ್ದಾಯ್ತಲ್ಲೇ! ಮೂವತ್ತೆಂಟು ವರ್ಷದಿಂದ ಇವನ್ನೇ ನೋಡ್ತಿದ್ದೀನಿ. ನಿನ್ನ ಅನುಮಾನ ತೀರೋ ಹೊತ್ತಿಗೆ ನನ್ನ ಬ್ರೆಟ್ಸೆಲ್ ಬ್ರೆಡ್ಡು ಕಲ್ಲಾಗಿರುತ್ತೆ.”

ಒಂಬತ್ತರ ತಿಂಡಿಗೆ ಇನ್ನು ಹತ್ತೇ ನಿಮಿಷ. ಅಷ್ಟರೊಳಗೆ ಒಂದನೆಯ ಪ್ರೆಸ್ಸನ್ನು ಒಮ್ಮೆ ಇಳಿಸಿ ತೋರಿಸಬೇಕೆಂದು ಮ್ಯಾನೇಜರ್ ಎರಡು ಸಲ ಹೇಳಿ ಹೋಗಿದ್ದರು. ಅವಳು ಗಾಜಿನಾಚೆ ನೋಡಿದಳು. ಮೂರನೆಯದರ ಬಾಯೊಳಗೆ ಭುಜದವರೆಗೆ ಕೈ ತೂರಿಸಿ ಫಿಟ್ಟರ್ ಹುಡುಗ ಮಿರ್ಕೊ ಬೋಲ್ಟ್ ಬಿಗಿಯುತ್ತಿದ್ದ. ಪ್ರೆಸ್ಸಿನೊಳಗೆ ಕೈ ಹಾಕುವವನು ಅದರ ಸ್ವಿಚ್ಚು ಆರಿಸಿ ತನ್ನ ಬೀಗ ಜಡಿಯಬೇಕು, ಅದು ನಿಯಮ. ಆದರೆ ಬೀಗ ಜಡಿದರೆ ಕಾರ್ಡಿಗೂ ಕರೆಂಟಿಲ್ಲ, ದೀಪ ಮಿನುಗುವುದಿಲ್ಲ. ಹಾಗಾಗಿ ಇವತ್ತೊಂದು ದಿನ ಬೀಗ ಬೇಡ ಎಂದಾಗಿತ್ತು. ಎಂದವಳು ಅವಳೇ.

ಏಳನೆಯದೇ ಅನುಮಾನವಾದರೆ ಮೊದಲಿನ ಆರನ್ನು ನಂಬುವುದು ಹೇಗೆ? ‘ಒಂದು’ ಎಂದು ತಾನು ಹೆಸರಿಟ್ಟ ಕಾರ್ಡು ಮೂರರಲ್ಲಿದ್ದರೆ?

ಫೋನು ಹಿಡಿದುಕೊಂಡೇ ಕಬ್ಬಿಣದ ಮೆಟ್ಟಿಲಿಳಿದಳು. ಸುಮ್ಮನೆ ಕೆಲಸ ಕೆಡಿಸಿದೆ ಎಂದು ಎಲ್ಲರ ಕೈಲಿ ಬೈಸಿಕೊಂಡರೂ ಸರಿ. ಫೋನು ಜೇಬಿಗಿಳಿಸಿ, ಗೋಡೆಯ ಕೆಂಪು ಮೇನ್ ಸ್ವಿಚ್ಚನ್ನು ಎರಡೂ ಕೈಯಿಂದ ಕೆಳಗೆಳೆದಳು. ಎಂಟೂ ಪ್ರೆಸ್‌ಗಳ ದೀಪ ಆರಿದವು.

“ಏನಕ್ಕಾ, ತಿಂಡಿಗಾಯ್ತಾ?” ಮಿರ್ಕೊ ತಲೆ ಹೊರಳಿಸಿದ.

“ಕೈ ಈಚೆ ತೆಗಿ. ಮೊದ್ಲು ಕೈ ತೆಗಿಯೋ!”

ಅವನು ಎರಡೂ ಕೈ ಈಚೆ ತಂದ ಮೇಲೆಯೇ ಅವಳು ಸ್ವಿಚ್ಚಿನಿಂದ ಕೈ ತೆಗೆದದ್ದು.

ಆ ತುದಿಯಲ್ಲಿ, ಏಳನೆಯ ಪ್ರೆಸ್ಸಿನ ಮುಂದೆ, ಸದ್ದು ತಡೆಯುವ ಕಿವಿಗವಸಿನೊಳಗೆ ಫೋನು ಸಿಕ್ಕಿಸಿಕೊಂಡ ವೆಂಡೆಲಿನ್ ಬೆನ್ನು ತಿರುಗಿಸಿ ನಿಂತಿದ್ದರು. ಕನ್ನಡಕ ಹಣೆಯ ಮೇಲಿತ್ತು. ಮೂಗು ಕಾರ್ಡಿಗೆ ತಾಗುವಷ್ಟು ಬಗ್ಗಿ, ಕಣ್ಣು ಕಿರಿದು ಮಾಡಿ, ಕತ್ತು ಆಚೆ ಈಚೆ ಹೊರಳಿಸಿ ದೀಪ ಹುಡುಕುತ್ತಿದ್ದರು.

ಅನ್ನೆಗ್ರೆಟ್ ಅವರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ಫೋನನ್ನು ಬಾಯಿಗೆ ತಂದಳು.

“ಈಗ ಹೇಗಿದೆ, ವೆಂಡೆಲಿನ್ ಅವರೇ?”

“ಚೆನ್ನಾಗಿ ಮಿನುಗ್ತಿದೆ, ಮಗಳೇ,” ಎಂದರು ಅವರು. “ನೀನು ಧೈರ್ಯವಾಗಿ ಒತ್ತು.”