ಚೀಟಿಯಲ್ಲಿ ಬಂದ ಹೆಸರು

“ಗದ್ದೆಮ್ಮಂದು ನಾನ ಹೇಳ್ತೀನಿ, ಬರಕೊಳ್ರಿ,” ಎಂದರು, ತಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದ ಜವಳಗೇರಾದ ಅಮರಗುಂಡಪ್ಪ ಗೌಡರು. “ನಮ್ಮ ಹೊಲದಾಗ ಕೂಲಿ ಮಾಡಾಕಿ. ಅಕಿಗೇನ ತಿಳಿತೈತಿ?”

ಜನರ ಅಭಿಪ್ರಾಯ ಬರೆದುಕೊಳ್ಳಲು ಲಿಂಗಸುಗೂರಿನಿಂದ ಬಂದಿದ್ದ ಸೂಗಪ್ಪ ಪೆನ್ನು ಎತ್ತಲಿಲ್ಲ. “ಹಂಗ ಬರಂಗಿಲ್ರಿ ಗೌಡ್ರ. ಹೊಲ ಇದ್ದವರು, ಅಂಗಡಿಯವರು, ಕೂಲಿಯವರು ಅಂತ ಬ್ಯಾರೆ ಬ್ಯಾರೆ ಪಟ್ಟಿ ಮಾಡೀವಿ. ಯಾವ ಗುಂಪಿನಾಗ ಎಷ್ಟು ಮಂದಿ ಅದಾರೋ, ಅದಕ್ಕ ತಕ್ಕಂಗ ಚೀಟಿ ಎತ್ತೀವಿ. ಹತ್ತು ಚೀಟಿಯಾಗ ಆರು ಕೂಲಿಯವರ ಹೆಸರು ಬಂದಾವ; ಗದ್ದೆಮ್ಮಂದೂ ಅದರಾಗ ಐತಿ. ಅವರ ಮಾತು ಅವರ ಬಾಯಿಂದನ ಬರಬೇಕು.”

“ಆರು?” ಗೌಡರು ನಕ್ಕರು. “ಊರು ನಮ್ದು, ಮಾತು ಅವರ್ದೇನು? ಆಗಲಿ, ಇಲ್ಲೇ ಕರಸ್ತೀನಿ.”

ಕೂಲಿಯವರ ಕೇರಿಗೆ ಸೂಗಪ್ಪ ತಾನೇ ಹೋಗಬೇಕಿತ್ತು. ಬಿಸಿಲು ಏರಿತ್ತು; ಗೌಡರ ಮಾತು ಮೀರಲು ಅವನಿಗೆ ಧೈರ್ಯವೂ ಆಗಲಿಲ್ಲ. ಗದ್ದೆಮ್ಮ ಬಂದು ಕಟ್ಟೆಯ ಕೆಳಗೆ ನಿಂತಳು. ಅವನು ಹಾಳೆ ನೋಡಿ ಕೇಳಿದ: “ಇನ್ನೊಂದೆರಡು ವರ್ಷಕ್ಕ ಕಾಲುವಿ ನೀರು ಬರತೈತಿ. ಹೊಲ ಇಲ್ಲದವರಿಗೂ ಒಂದಿಷ್ಟು ಭೂಮಿ ಸಿಗಬೇಕೋ, ಬ್ಯಾಡೋ?”

ಅವಳು ಒಮ್ಮೆ ಗೌಡರ ಕಡೆ ನೋಡಿದಳು.

“ಹೇಳಬೇ,” ಎಂದರು ಗೌಡರು.

“ಸಿಗಬೇಕ್ರಿ,” ಎಂದಳು. “ಆ ಕಾಲುವಿ ಮಣ್ಣು ಹೊತ್ತಾಕಿ ನಾನ ಅದೀನಿ.”

ಸೂಗಪ್ಪ ಹಾಗೆಯೇ ಬರೆದುಕೊಂಡ. ಗೌಡರು ಎದ್ದು ಒಳಗೆ ಹೋದರು.

ಮುಕ್ಕುಂದ ಊರಲ್ಲೂ ಇದೇ ಕೆಲಸ ಮುಗಿಸಿ ಐದನೆಯ ದಿನ ಅವನು ಅದೇ ದಾರಿಯಲ್ಲಿ ಮರಳಿದ. ಗದ್ದೆಮ್ಮನನ್ನು ಗೌಡರು ಕೆಲಸದಿಂದ ಬಿಡಿಸಿದ್ದಾರೆ, ಅವರಿಗೆ ಹೆದರಿ ಬೇರೆ ಯಾರೂ ಕರೆಯುತ್ತಿಲ್ಲ ಎಂದು ಬಾವಿಯ ಬಳಿ ಯಾರೋ ಹೇಳಿದರು. ಈ ಸಲ ಅವನು ಕೇರಿಗೇ ನಡೆದ. ಅವಳು ಬಾಗಿಲ ಮುಂದೆ ಕೂತು, ಬದುವಿನಲ್ಲಿ ಕಿತ್ತು ತಂದ ಸೊಪ್ಪು ಸೋಸುತ್ತಿದ್ದಳು. ಒಲೆಯಲ್ಲಿ ಬೂದಿಯೂ ಹೊಸದಿರಲಿಲ್ಲ.

“ತಪ್ಪು ನಂದವ್ವಾ,” ಎಂದ ಸೂಗಪ್ಪ, ಹಾಳೆ ಹೊರತೆಗೆಯುತ್ತ. “ಅವರ ಮುಂದ ಕೇಳಬಾರದಿತ್ತು. ಇದಕ್ಕ ಗೀಟು ಹೊಡದು, ‘ಏನೂ ಹೇಳಲಿಲ್ಲ’ ಅಂತ ಬರೀತೀನಿ. ಗೌಡ್ರಿಗೂ ತೋರಿಸ್ತೀನಿ. ನಾಳಿಂದ ಕೆಲಸಕ್ಕ ಕರೀತಾರ.”

“ಅದರಾಗ ನನ್ನ ಮಾತು ಎಲ್ಲೈತ್ರಿ?”

ಅವನು ನೀಲಿ ಮಸಿಯ ಒಂದು ಸಾಲು ತೋರಿಸಿದ. ಓದು ಬಾರದ ಗದ್ದೆಮ್ಮ ಸೆರಗಿಗೆ ಕೈ ಒರೆಸಿಕೊಂಡು, ಆ ಸಾಲು ಕಾಣದಂತೆ ಅದರ ಮೇಲೆ ಅಂಗೈ ಇಟ್ಟಳು.

“ಗೀಟು ಹೊಡೀಬ್ಯಾಡ್ರಿ, ಸಾಹೇಬ್ರ. ಕೂಲಿ ಇನ್ನೊಂದೂರಾಗ ಸಿಗತೈತಿ. ನನ್ನ ಇನ್ನೊಮ್ಮೆ ಯಾರು ಕೇಳ್ತಾರ?”