ಔಷಧಿ ಹೊಡೆಯದ ಹತ್ತಿ

ಯೋಗಾನರಸಿಂಹ ಬಟ್ಟೆಯನ್ನು ಬಿಡಿಸಿಯೂ ನೋಡದೆ ವಾಪಸು ತಳ್ಳಿದಾಗ ಜವರಮ್ಮನಿಗೆ ಸಿಟ್ಟು ಕೂಡ ಬರಲಿಲ್ಲ. ಹಾಸನದ ಆ ಸಿದ್ಧ ಉಡುಪಿನ ಕಂಪನಿಗೆ ಬಟ್ಟೆ ಕೊಳ್ಳುವ ಮ್ಯಾನೇಜರು ಅವನು. ಅವಳು ಬಾಗೂರಿನಿಂದ ಬಸ್ಸು ಹಿಡಿದು ಬಂದದ್ದು ಇದು ಐದನೇ ಸಲ.

“ಔಷಧಿ ಹೊಡೆಯದೆ ಬೆಳೆದ ಹತ್ತಿ ಅಂತೀರಮ್ಮ, ಸರಿ. ಆದ್ರೆ ಅಂಗಡೀಲಿ ಶರಟು ಕೊಳ್ಳೋರು ಅದನ್ನೆಲ್ಲ ಕೇಳಲ್ಲ.”

ಮೂರು ವರ್ಷದಿಂದ ಅವಳೂ ಸೇರಿ ಎಂಟು ಜನ ಹೆಂಗಸರು ಹುಳುವನ್ನು ಕೈಯಲ್ಲೇ ಆರಿಸಿ ಬೆಳೆದ ಹತ್ತಿಯ ಬಟ್ಟೆ ಅದು. ಇನ್ನು ಈ ಕಡೆ ತಲೆ ಹಾಕಬಾರದು ಎಂದುಕೊಂಡು ಜವರಮ್ಮ ಬಟ್ಟೆ ಮಡಿಸಿ ಎದ್ದಳು.

“ಅವ್ರು ಕೇಳಾಕಿಲ್ಲ. ನೀವಾದ್ರೂ ಯಾಕೆ ಹೊಡ್ಯಾಕಿಲ್ಲ ಅಂತ ಒಂದ್ಸಲ ಕೇಳಿದ್ರಾ ಸಾ? ನನ್ ತಂಗಿ ಔಷ್ದಿ ಕುಡ್ದು ಸತ್ತೋಳಲ್ಲ. ಹತ್ತಿ ಗಿಡಕ್ಕೆ ಹೊಡೀತಾ ಹೊಡೀತಾನೇ ಬಿದ್ದು ಸತ್ಲು.”

ಯೋಗಾನರಸಿಂಹ ಎದ್ದು ಬಂದು, ಅವಳ ಕೈಯಿಂದ ಬಟ್ಟೆ ಇಸಿದುಕೊಂಡು ಪೂರ್ತಿ ಬಿಡಿಸಿದ.

“ಒಳಗೆ ನಮ್ಮ ಮಾಲೀಕರಿದ್ದಾರೆ. ಈ ಮಾತನ್ನ ಅವರೆದುರಿಗೆ ಹೇಳ್ತೀರಾಮ್ಮ? ಜೊತೇಲಿ ನಾನೂ ಬರ್ತೀನಿ.”

ಜವರಮ್ಮ ಮತ್ತೆ ಕುರ್ಚಿಯಲ್ಲಿ ಕೂತಳು.

“ಯೋಳ್ತೀನಿ ಸಾ. ಮೊದ್ಲು ವಸಿ ನೀರು ಕೊಡಿ.”